ಹೆಸರಿನ ಮುಂದಿನ ಜಾಗ

ವೇದಿಕೆಯ ಮೇಲೆ ಕೂತವರಿಗೆ ವಿದ್ವಾನ್, ಪಂಡಿತ್, ಉಸ್ತಾದ್. ಇಂಗ್ಲಿಷ್ ಪತ್ರಿಕೆಗಳಲ್ಲಿ ಮೇಸ್ಟ್ರೊ, ವರ್ಚುವೋಸೊ. ಕೊಡಗಿನ ದುಡಿಗೆ, ವಾಲಗಕ್ಕೆ ಅಂಥದೊಂದು ಮಾತು ಏಕೆ ಸಿಗಲಿಲ್ಲ?

ದಸರೆಯ ದಿನಗಳಲ್ಲಿ ಮಡಿಕೇರಿಗೆ ಎರಡು ಬಗೆಯ ಸಂಗೀತ ಕೇಳಿಸುತ್ತದೆ. ಒಂದು ಗಾಂಧಿ ಮೈದಾನದ ವೇದಿಕೆಯದು. ಸಂಜೆ ದೀಪ ಹತ್ತಿದ ಮೇಲೆ ನಿರೂಪಕರು ಮೈಕಿನ ಮುಂದೆ ಬಂದು, ಹಾಡುವವರ ಹೆಸರಿಗಿಂತ ಮೊದಲು ಅವರ ಬಿರುದು ಹೇಳುತ್ತಾರೆ. ವಿದ್ವಾನ್ ಇಂಥವರು, ವಿದುಷಿ ಇಂಥವರು, ಪಂಡಿತ್ ಇಂಥವರು. ಇನ್ನೊಂದು ಬೀದಿಯ ಸಂಗೀತ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ, ಈ ನಾಲ್ಕು ಗುಡಿಗಳ ಕರಗ ಪಂಪಿನಕೆರೆಯಿಂದ ಹೊರಟು ಊರೊಳಗೆ ಬರುವಾಗ ಜೊತೆಗೆ ನಡೆಯುವ ವಾದ್ಯದವರದು. ಏರುದಾರಿಯಲ್ಲಿ ಉಸಿರು ಬಿಡದೆ ಬಾರಿಸುವ ಇವರಿಗೆ ಬಿರುದಿಲ್ಲ. ಹೆಸರೂ ಕೇಳಿಸುವುದಿಲ್ಲ. ‘ವಾದ್ಯದವರು’ ಎಂದರೆ ಮುಗಿಯಿತು.

ಒಂದೇ ಊರಿನ ಒಂದೇ ಹಬ್ಬದಲ್ಲಿ ಇಷ್ಟು ದೂರ ಏಕೆ ಎಂಬುದು ಬಹಳ ಕಾಲದಿಂದ ನನ್ನನ್ನು ಕಾಡಿರುವ ಪ್ರಶ್ನೆ. ಕೈಚಳಕದ ಹೆಚ್ಚುಕಡಿಮೆಯಿಂದ ಆದದ್ದು ಎಂದು ಹೇಳಲಾರೆ. ನುರಿತ ಸಂಗೀತಗಾರನಿಗೆ ಒಂದು ಪದ ದಕ್ಕಬೇಕಾದರೆ ನುಡಿಸುವುದರ ಜೊತೆಗೆ ಇನ್ನೂ ಕೆಲವು ಕೂಡಿಬರಬೇಕು. ವೇದಿಕೆ ಬೇಕು, ಅರಮನೆಯೋ ಪರೀಕ್ಷೆಯೋ ಬೇಕು, ಅಚ್ಚು ಹಾಕುವ ಪತ್ರಿಕೆ ಬೇಕು. ಪದಗಳ ಚರಿತ್ರೆಯನ್ನು ನೋಡಿದರೆ ಇದು ತಿಳಿಯುತ್ತದೆ.

ಲಂಡನ್ನಿನ ವರ್ಚುವೋಸೊ

ಇಂಗ್ಲಿಷಿನಲ್ಲಿ ಅಸಾಮಾನ್ಯ ಕೈಯುಳ್ಳ ವಾದಕರನ್ನು ವರ್ಚುವೋಸೊ ಎನ್ನುತ್ತಾರೆ. ಇಟಲಿಯಿಂದ ಬಂದ ಪದ. ಬೇರು ಲ್ಯಾಟಿನ್ನಿನಲ್ಲಿದೆ: ಶೌರ್ಯ, ಸದ್ಗುಣ, ಸಾಮರ್ಥ್ಯ ಎಂಬ ಅರ್ಥದ ‘ವಿರ್ಟುಸ್’. ಅದರೊಳಗೆ ಗಂಡಸು ಎಂಬ ಅರ್ಥದ ‘ವಿರ್’ ಕೂತಿದೆ. ಆದರೆ 17ನೇ ಶತಮಾನದ ಲಂಡನ್ನಿನಲ್ಲಿ ವರ್ಚುವೋಸೊ ಎಂದರೆ ಜನರಿಗೆ ಸಂಗೀತ ನೆನಪಾಗುತ್ತಿರಲಿಲ್ಲ. ಹಳೆಯ ನಾಣ್ಯ, ಚಿಪ್ಪು, ಚಿತ್ರ ಕೂಡಿಸುವ, ಸೂಕ್ಷ್ಮದರ್ಶಕ ಇಟ್ಟುಕೊಂಡು ಪ್ರಯೋಗ ಮಾಡುವ ಕುತೂಹಲಿ ಶ್ರೀಮಂತರನ್ನು ಹಾಗೆ ಕರೆಯುತ್ತಿದ್ದರು. ರಸಾಯನ ವಿಜ್ಞಾನಿ ರಾಬರ್ಟ್ ಬಾಯ್ಲ್ 1690ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು ‘ದಿ ಕ್ರಿಶ್ಚಿಯನ್ ವರ್ಚುವೋಸೊ’. ಅದು ವಿಜ್ಞಾನ ಮತ್ತು ದೈವಭಕ್ತಿಯ ಕುರಿತಾದದ್ದು. ಅದಕ್ಕೂ ಮೊದಲೇ, 1676ರಲ್ಲಿ, ಥಾಮಸ್ ಶ್ಯಾಡ್‌ವೆಲ್ ‘ದಿ ವರ್ಚುವೋಸೊ’ ಎಂಬ ನಾಟಕ ಬರೆದು ಇಂಥವರನ್ನು ಗೇಲಿ ಮಾಡಿದ್ದ. ಅದರ ನಾಯಕ ನೀರಿಗಿಳಿಯದೆ ಮೇಜಿನ ಮೇಲೆ ಮಲಗಿ ಈಜು ಕಲಿಯುತ್ತಾನೆ.

ಪದ ಸಂಗೀತಗಾರರ ಪಾಲಿಗೆ ಬಂದದ್ದು 18ನೇ ಶತಮಾನದಲ್ಲಿ. 19ನೇ ಶತಮಾನದಲ್ಲಿ ಅದು ಅವರ ಸ್ವಂತದ್ದೇ ಆಯಿತು. ಅದಕ್ಕೆ ಮುಖ್ಯ ಕಾರಣ ಇಬ್ಬರು. ಪಿಟೀಲಿನ ನಿಕೊಲೊ ಪಗನಿನಿ 1831ರಲ್ಲಿ ಇಂಗ್ಲೆಂಡಿಗೆ ಬಂದಾಗ ಜನ ಮುಗಿಬಿದ್ದರು; ಅವನ ಬೆರಳಿನ ವೇಗ ಮನುಷ್ಯರದಾಗಿರಲು ಸಾಧ್ಯವಿಲ್ಲ, ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ ಎಂಬ ಗಾಳಿಮಾತು ಯುರೋಪಿನಲ್ಲೆಲ್ಲ ಓಡಾಡುತ್ತಿತ್ತು. ಇನ್ನೊಬ್ಬ ಪಿಯಾನೊದ ಫ್ರಾನ್ಸ್ ಲಿಸ್ಟ್. ಆವರೆಗೆ ಒಂದು ಕಛೇರಿ ಎಂದರೆ ಹಲವು ಗಾಯಕರು, ಹಲವು ವಾದಕರು ಸರದಿಯಲ್ಲಿ ಬರುವ ಮಿಶ್ರ ಕಾರ್ಯಕ್ರಮ. ಲಿಸ್ಟ್ ಒಬ್ಬನೇ ಕೂತು ಪೂರ್ತಿ ಸಂಜೆ ನುಡಿಸಿದ. 1840ರಲ್ಲಿ ಲಂಡನ್ನಿನ ಅವನ ಕಾರ್ಯಕ್ರಮದ ಪ್ರಕಟಣೆಯಲ್ಲಿ ‘ರಿಸೈಟಲ್’ ಎಂಬ ಮಾತು ಸಂಗೀತಕ್ಕೆ ಮೊದಲ ಬಾರಿಗೆ ಬಳಕೆಯಾಯಿತು. ಒಬ್ಬ ಮನುಷ್ಯ, ಒಂದು ವಾದ್ಯ, ಎದುರಿಗೆ ದುಡ್ಡು ಕೊಟ್ಟು ಬಂದ ಜನ. ವರ್ಚುವೋಸೊ ಎಂಬ ಪದ ಇಂದಿಗೂ ಈ ಚಿತ್ರವನ್ನು ಬಿಟ್ಟಿಲ್ಲ.

ಅದರ ಜೊತೆಗೇ ಒಂದು ಅನುಮಾನವೂ ಬೆಳೆಯಿತು. ಬರೀ ಬೆರಳಿನ ಆಟ, ಒಳಗೆ ಸತ್ವವಿಲ್ಲ ಎನ್ನುವುದಕ್ಕೂ ಇಂಗ್ಲಿಷ್ ವಿಮರ್ಶಕರು ಇದೇ ಪದವನ್ನು ಬಳಸುತ್ತಾರೆ. ಹೊಗಳಿಕೆಯೂ ಹೌದು, ಕುಟುಕೂ ಹೌದು. ನಮ್ಮ ಕನ್ನಡ ಪತ್ರಿಕೆಗಳ ‘ಮಾಂತ್ರಿಕ’ ಎಂಬ ಮಾತು ಪಗನಿನಿಯ ಸೈತಾನನಿಗೆ ಹತ್ತಿರದ ನೆಂಟ. ಪಿಟೀಲು ಮಾಂತ್ರಿಕ, ಕೊಳಲು ಮಾಂತ್ರಿಕ. ಈ ಪದದ ಬಗ್ಗೆ ನನಗೆ ತಕರಾರಿದೆ. ಮಂತ್ರದಿಂದ ಆಯಿತೆಂದರೆ, ನಸುಕಿನಲ್ಲೆದ್ದು ವರ್ಷಗಟ್ಟಲೆ ಮಾಡಿದ ಸಾಧನೆ ಎಲ್ಲಿ ಹೋಯಿತು?

ಭಾರತದ ಇಂಗ್ಲಿಷ್ ಪತ್ರಿಕೆಗಳಿಗೆ ‘ಮೇಸ್ಟ್ರೊ’ ಹೆಚ್ಚು ಪ್ರಿಯ. ಪಾಶ್ಚಾತ್ಯ ಸಂಗೀತದಲ್ಲಿ ಅದನ್ನು ವಾದ್ಯವೃಂದ ನಡೆಸುವವರಿಗೆ, ಸ್ವರ ಸಂಯೋಜಕರಿಗೆ, ದೊಡ್ಡ ಗುರುಗಳಿಗೆ ಹೇಳುವುದು ರೂಢಿ. ನಮ್ಮಲ್ಲಿ ಸಿತಾರ್, ವೀಣೆ, ಕೊಳಲು, ತಬಲಾ ಯಾವುದನ್ನು ನುಡಿಸುವವರಾದರೂ ವಯಸ್ಸಾದ ಮೇಲೆ ಮೇಸ್ಟ್ರೊ ಆಗುತ್ತಾರೆ. ಪದದ ಮೂಲ ಲ್ಯಾಟಿನ್ನಿನ ‘ಮಗಿಸ್ಟರ್’. ಅದೇ ಬೇರಿನಿಂದ ಪೋರ್ಚುಗೀಸರ ‘ಮೆಸ್ತ್ರೆ’ ಹುಟ್ಟಿತು, ಅದು ಕರಾವಳಿಯಲ್ಲಿಳಿದು ನಮ್ಮ ‘ಮೇಸ್ತ್ರಿ’ ಆಯಿತು. ಕೊಡಗಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಆಳುಗಳನ್ನು ಸಾಲು ಹಿಡಿಸಿ ಕೆಲಸಕ್ಕೆ ಹಚ್ಚುವ ಮೇಸ್ತ್ರಿಯೂ, ಮಿಲಾನಿನ ಒಪೆರಾ ಮನೆಯಲ್ಲಿ ಕೋಲು ಹಿಡಿದು ನಿಲ್ಲುವ ಮೇಸ್ಟ್ರೊನೂ ಒಂದೇ ಮನೆತನದವರು. ಒಬ್ಬರಿಗೆ ಚಪ್ಪಾಳೆ, ಒಬ್ಬರಿಗೆ ಹಾಜರಿ ಪುಸ್ತಕ.

ವೀಣೆ ಶೇಷಣ್ಣ, ಪಿಟೀಲು ಚೌಡಯ್ಯ

ಮಡಿಕೇರಿಯಿಂದ ಮೈಸೂರಿಗೆ ಇಳಿದರೆ ಪದಗಳ ಬೇರೆಯೇ ಭಂಡಾರ. ಅಲ್ಲಿ ಅರಮನೆಯಿತ್ತು. ಆಸ್ಥಾನ ವಿದ್ವಾನ್ ಎಂದರೆ ಗೌರವದ ಜೊತೆಗೆ ಸಂಬಳವೂ ಇದ್ದ ಹುದ್ದೆ. ವೀಣೆ ಶೇಷಣ್ಣ (1852–1926) ‘ವೈಣಿಕ ಶಿಖಾಮಣಿ’. ಬರೋಡದಲ್ಲಿ ದೊರೆತ ಪಲ್ಲಕ್ಕಿಯಲ್ಲಿ ಮೈಸೂರಿನ ಬೀದಿಯಲ್ಲಿ ಮೆರವಣಿಗೆ ಹೊರಡಿಸಿದಾಗ ಅವರು ವೀಣೆಯನ್ನು ಪಲ್ಲಕ್ಕಿಯೊಳಗಿಟ್ಟು ತಾವು ನಡೆದುಕೊಂಡು ಬಂದರೆಂದು ಮೈಸೂರಿನವರು ಇಂದಿಗೂ ಹೇಳುತ್ತಾರೆ.

ಬಿರುದಿಗಿಂತ ನನಗೆ ಹೆಚ್ಚು ಇಷ್ಟವಾಗುವುದು ಹಳೆ ಮೈಸೂರಿನವರು ತಾವಾಗಿಯೇ ಕಟ್ಟಿಕೊಂಡ ಇನ್ನೊಂದು ಪದ್ಧತಿ: ವಾದ್ಯವನ್ನೇ ಹೆಸರಿನ ಮುಂದೆ ಇಡುವುದು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ಪಿಟೀಲು ಚೌಡಯ್ಯ. ಇದನ್ನು ಅರಮನೆ ಕೊಡಬೇಕಾಗಿಲ್ಲ, ಸಭೆ ಘೋಷಿಸಬೇಕಾಗಿಲ್ಲ. ಜನ ಹಾಗೆ ಕರೆದರು, ನಿಂತಿತು. ಟಿ. ಚೌಡಯ್ಯನವರು (1895–1967) ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿದರು. ಅವರ ಹೆಸರಿನ ಸ್ಮಾರಕ ಭವನ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ನಿಂತಿದೆ. ಮನುಷ್ಯ, ವಾದ್ಯ, ಕಟ್ಟಡ ಮೂರಕ್ಕೂ ಒಂದೇ ಹೆಸರು.

ಅದೇ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡೂ ಇತ್ತು. ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿ ಪಡೆದವರು. ರಷ್ಯದ ಸ್ವರ ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮರೆತುಹೋದಂತೆ ಬದುಕುತ್ತಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಆಮೇಲೆ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ವರ್ಚುವೋಸೊ ಮತ್ತು ವಿದ್ವಾನ್, ಎರಡು ಲೋಕಗಳ ಅಳತೆಗೋಲೂ ಗೊತ್ತಿದ್ದ ಅಂಥ ದೊರೆ ಇನ್ನೊಬ್ಬರು ಸಿಕ್ಕುವುದು ಕಷ್ಟ.

ಅರಮನೆ ಹೋದ ಮೇಲೆ ಪದವನ್ನು ಪರೀಕ್ಷೆ ವಹಿಸಿಕೊಂಡಿತು. ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ. ಎಸ್ಸೆಸ್ಸೆಲ್ಸಿ ನಡೆಸುತ್ತಿದ್ದ ಮಂಡಳಿಯೇ ಬಹುಕಾಲ ಇವನ್ನೂ ನಡೆಸಿತು. ಮಡಿಕೇರಿಯ ಮಕ್ಕಳೂ ಸಂಗೀತದ ಪಾಠಕ್ಕೆ ಹೋಗಿ ಈ ಮೆಟ್ಟಿಲು ಹತ್ತುತ್ತಾರೆ. ಪರೀಕ್ಷೆ ಇದ್ದದ್ದರಿಂದ ಒಂದು ದೊಡ್ಡ ಉಪಕಾರವಾಯಿತು: ಯಾವ ಮನೆತನದಲ್ಲಿ ಹುಟ್ಟಿದರೂ ಅಂತಿಮ ತೇರ್ಗಡೆಯಾದರೆ ವಿದ್ವಾನ್, ವಿದುಷಿ. ಆದರೆ ಆ ಮೆಟ್ಟಿಲ ಸಾಲಿನಲ್ಲಿ ದುಡಿಗೆ ಜಾಗವಿಲ್ಲ.

ಉತ್ತರ ಕರ್ನಾಟಕದ ಮಾತನ್ನು ಬಿಟ್ಟು ಮುಂದೆ ಹೋಗಲಾರೆ. ಅಲ್ಲಿ ‘ಗವಾಯಿ’ ಇದ್ದಾರೆ: ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿ. ಕಣ್ಣು ಕಾಣದ ನೂರಾರು ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದವರಿಗೆ ಸಿಕ್ಕ ಪದ ಅದು. ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರಾದರು. ಶಿವಪುತ್ರ ಸಿದ್ಧರಾಮಯ್ಯ ಕೊಂಕಳಿಮಠ ಎಂಬ ಹುಡುಗ ‘ಕುಮಾರ ಗಂಧರ್ವ’ನಾಗಿ, ಹುಟ್ಟುಹೆಸರು ಬಹುಮಂದಿಗೆ ಮರೆತೇ ಹೋಯಿತು. ಇಷ್ಟೆಲ್ಲ ಸಮೃದ್ಧಿಯ ನಡುವೆ ಗಂಗೂಬಾಯಿ ಹಾನಗಲ್ (1913–2009) ಒಂದು ನೋವನ್ನು ನೇರವಾಗಿ ಹೇಳಿದ್ದರು: ಮುಸ್ಲಿಂ ಗಾಯಕರು ಉಸ್ತಾದರಾಗುತ್ತಾರೆ, ಹಿಂದೂ ಗಾಯಕರು ಪಂಡಿತರಾಗುತ್ತಾರೆ, ಹೆಂಗಸರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ. ಇವತ್ತು ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಿದೆ. ಆದರೂ ಆ ಮಾತು ಹಳತಾಗಿಲ್ಲ. ಪದ ಕೊಡುವವರು ಯಾರನ್ನು ಬಿಟ್ಟು ಕೊಡುತ್ತಾರೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಇನ್ನಾರೂ ಹೇಳಲಿಲ್ಲ.

ನಾಲ್ಕು ಜನ, ನಾಲ್ಕು ದುಡಿ

ಈಗ ಬೆಟ್ಟ ಹತ್ತಿ ವಾಪಸು ಬರೋಣ. ದುಡಿ ನಡು ಸಣ್ಣದಾದ ಪುಟ್ಟ ಚರ್ಮವಾದ್ಯ. ಎಡಗೈಯಲ್ಲಿ ಹಿಡಿದು ತೆಳುವಾದ ಕೋಲಿನಿಂದ ಬಾರಿಸುತ್ತಾರೆ. ಕುಪ್ಯದ ನಿಲುವಂಗಿ ತೊಟ್ಟು ಸೊಂಟಕ್ಕೆ ಚೇಲೆ ಬಿಗಿದ ನಾಲ್ಕು ಜನ, ಇಬ್ಬಿಬ್ಬರ ಎರಡು ಜೋಡಿ. ಮೊದಲ ಜೋಡಿ ಒಂದು ಸಾಲು ಹಾಡಿದರೆ ಎರಡನೆಯ ಜೋಡಿ ಅದನ್ನು ಎತ್ತಿಕೊಳ್ಳುತ್ತದೆ. ನಡುವೆ ಬಿರುಕು ಬೀಳುವಂತಿಲ್ಲ. ಹುಟ್ಟಿನಿಂದ ಸಾವಿನವರೆಗೆ ಕೊಡವರ ಬದುಕಿಗೆ ಈ ಪಾಟ್, ಅಂದರೆ ಹಾಡು, ಜೊತೆಯಾಗಿದೆ: ಮದುವೆಗೊಂದು, ಹುತ್ತರಿಯಲ್ಲಿ ಮನೆಮನೆಗೆ ಹೋಗಿ ಹಾಡುವ ಮನೆಪಾಟ್ ಒಂದು, ಕಾವೇರಿಯ ಕತೆಗೊಂದು, ಹೆಣದ ಮುಂದೆ ಹಾಡುವುದೊಂದು.

ಇದರ ಕಷ್ಟ ಹೊರಗಿನವರಿಗೆ ಬೇಗ ಕಾಣುವುದಿಲ್ಲ. ಧಾಟಿ ಸರಳ, ಸ್ವರಗಳು ಕಡಿಮೆ, ವೇಗವಿಲ್ಲ. ಹಾಗಾಗಿ ಕಛೇರಿಯ ಕಿವಿಗೆ ಒಂದೇ ರೀತಿ ಕೇಳಿಸುತ್ತದೆ. ಆದರೆ ಮನೆಪಾಟ್ ಹಾಡುವವರು ಆ ಒಕ್ಕದ (ಮನೆತನದ) ಹೆಸರು, ಐನ್‌ಮನೆಯ (ಮೂಲ ಮನೆಯ) ಹಿರಿಮೆ, ಹಿರಿಯರ ನೆನಪು ಎಲ್ಲವನ್ನೂ ಸ್ಥಳದಲ್ಲೇ ಸಾಲಿಗೆ ಹೊಂದಿಸಬೇಕು. ನೆನಪಿನಲ್ಲಿ ನೂರಾರು ಸಿದ್ಧ ನುಡಿಕಟ್ಟು ಇರಬೇಕು, ಸಮಯಕ್ಕೆ ತಕ್ಕದ್ದು ನಾಲಗೆಗೆ ಬರಬೇಕು, ಪಕ್ಕದವನು ಏನು ಹಾಡಲಿದ್ದಾನೆಂದು ಅರ್ಧ ಉಸಿರು ಮುಂಚೆ ತಿಳಿಯಬೇಕು. ಇಬ್ಬರ ಗಂಟಲಿನಿಂದ ಒಂದೇ ದನಿ ಹೊರಡಬೇಕು. ಇಂಥ ಕೌಶಲಕ್ಕೆ ಲಿಸ್ಟನ ಪದ ಹೊಂದುವುದೇ ಇಲ್ಲ. ಒಬ್ಬ ಎದ್ದು ಕಂಡರೆ ಅಲ್ಲಿ ಪಾಟ್ ಕೆಟ್ಟಿದೆ ಎಂದರ್ಥ.

ನಮ್ಮ ಹಳೆಯ ಶಾಸ್ತ್ರಕಾರರ ಬಳಿ ಇದಕ್ಕೆ ಪದವಿತ್ತು ಎಂಬುದು ಸಂತೋಷದ ಸಂಗತಿ. 13ನೇ ಶತಮಾನದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಗಾಯಕರನ್ನು ಮೂರು ಬಗೆ ಮಾಡುತ್ತಾನೆ: ಒಬ್ಬನೇ ಹಾಡುವ ಏಕಲ, ಇಬ್ಬರು ಕೂಡಿ ಹಾಡುವ ಯಮಲ, ಗುಂಪಿನಲ್ಲಿ ಹಾಡುವ ವೃಂದ. ಉತ್ತಮ ವೃಂದಕ್ಕೆ ನಾಲ್ವರು ಮುಖ್ಯ ಗಾಯಕರು ಬೇಕೆಂದು ಲೆಕ್ಕವನ್ನೂ ಕೊಡುತ್ತಾನೆ. ಗುಣದ ಮೇಲೆ ಇನ್ನೊಂದು ಐದು ಬಗೆ: ಕೊರತೆಯಿಲ್ಲದೆ ಕಲಿಸಬಲ್ಲ ಶಿಕ್ಷಾಕಾರ, ಇನ್ನೊಬ್ಬರನ್ನು ಅನುಸರಿಸುವ ಅನುಕಾರ, ತಾನೇ ರಸದಲ್ಲಿ ಮುಳುಗುವ ರಸಿಕ, ಕೇಳುವವರನ್ನು ರಂಜಿಸುವ ರಂಜಕ, ಭಾವವನ್ನು ಬೆಳೆಸುವ ಭಾವಕ. ಮುಂದೆ ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಆಶ್ರಯದಲ್ಲಿ ಕಲ್ಲಿನಾಥ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದ. ಅಂದರೆ ಕನ್ನಡದ ನೆಲದಲ್ಲಿ ಚರ್ಚೆಯಾದ ವಿಂಗಡಣೆ ಇದು. ದುಡಿಯ ಜೋಡಿಯನ್ನು ಯಮಲ ಗಾಯಕರು ಎಂದರೆ ತಪ್ಪೇನೂ ಇಲ್ಲ. ಶಾಸ್ತ್ರದ ಅಳತೆಗೋಲು ಮಾತ್ರ ಕಾಲ ಕಳೆದಂತೆ ಏಕಲನ ಕಡೆಗೇ ವಾಲಿತು.

ಕೊಡಗಿನ ಹಾಡುಗಳು ಅಚ್ಚಿಗೆ ಬಂದ ಚರಿತ್ರೆಯಲ್ಲಿ ಒಬ್ಬ ಮಹನೀಯರ ಹೆಸರು ಮೊದಲಿಗಿದೆ. ನಡಿಕೇರಿಯಂಡ ಚಿಣ್ಣಪ್ಪ (1875–1931) ಊರೂರು ಅಲೆದು ಹಾಡು, ಗಾದೆ, ಪದ್ಧತಿಗಳನ್ನು ಕೇಳಿ ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಕೊಡವ ಭಾಷೆ, ಕನ್ನಡ ಲಿಪಿ. ಭಾರತೀಯರೊಬ್ಬರು ತಮ್ಮದೇ ಜನರ ಜಾನಪದವನ್ನು ಇಷ್ಟು ವಿಸ್ತಾರವಾಗಿ ಕೂಡಿಸಿದ್ದು ಆ ಕಾಲಕ್ಕೆ ಅಪರೂಪ. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಅದನ್ನು ಇಂಗ್ಲಿಷಿಗೆ ತಂದು 2003ರಲ್ಲಿ ಪ್ರಕಟಿಸಿದರು. ಇಂದು ದುಡಿ ಹಿಡಿದವರು ಒಂದು ಸಾಲು ಮರೆತರೆ ತೆಗೆದು ನೋಡುವ ಪುಸ್ತಕ ಅದು. ಅದೇ ಕಾಲದಲ್ಲಿ ಅಪ್ಪನೆರವಂಡ ಅಪ್ಪಚ್ಚ ಕವಿ (1868–1944) ಕೊಡವ ಭಾಷೆಯ ಮೊದಲ ನಾಟಕಗಳನ್ನು ಬರೆದರು. ಅವರ ಹೆಸರಿನ ಮುಂದೆ ಮಾತ್ರ ಒಂದು ಬಿರುದು ಗಟ್ಟಿಯಾಗಿ ನಿಂತಿದೆ: ಹರದಾಸ.

ಈ ಎರಡು ಹೆಸರುಗಳನ್ನು ಇನ್ನೊಮ್ಮೆ ಓದಿ. ನಡಿಕೇರಿಯಂಡ ಚಿಣ್ಣಪ್ಪ. ಅಪ್ಪನೆರವಂಡ ಅಪ್ಪಚ್ಚ. ಮೈಸೂರಿನವರು ವೀಣೆಯನ್ನು, ಪಿಟೀಲನ್ನು ಇಟ್ಟ ಜಾಗದಲ್ಲಿ ಕೊಡಗಿನವರು ಒಕ್ಕದ ಹೆಸರನ್ನು ಇಡುತ್ತಾರೆ. ಮನುಷ್ಯ ಏನು ಬಲ್ಲ ಎನ್ನುವುದಕ್ಕಿಂತ ಮೊದಲು ಯಾರ ಮನೆಯವನು ಎಂಬುದು. ದುಡಿ ಕೊಟ್ಟ್ ಪಾಟ್ ಕೊಡವ ಗಂಡಸರೆಲ್ಲರಿಗೂ ಒಂದಿಷ್ಟು ಬರಬೇಕಾದ ವಿದ್ಯೆ ಎಂಬ ಭಾವನೆ ಇದ್ದುದರಿಂದ, ಚೆನ್ನಾಗಿ ಬಲ್ಲವನನ್ನು ಬೇರೆ ಪದ ಕೊಟ್ಟು ಬದಿಗೆ ನಿಲ್ಲಿಸುವ ಅಗತ್ಯ ಕಾಣಲಿಲ್ಲ ಎಂದು ನನಗನ್ನಿಸುತ್ತದೆ. ಚೆನ್ನಾಗಿ ಹಾಡುವವರು ಯಾರೆಂದು ನಾಡಿಗೆ ಗೊತ್ತಿರುತ್ತದೆ. ಮದುವೆಗೆ, ಸಾವಿಗೆ ಅವರಿಗೆ ಕರೆ ಹೋಗುತ್ತದೆ. ಆ ಕರೆಯೇ ಅವರ ಸನ್ನದು. ದುಡಿಯ ಮಟ್ಟಿಗೆ ಈ ವ್ಯವಸ್ಥೆಯಲ್ಲಿ ಒಂದು ಘನತೆಯಿದೆ. ಅಲ್ಲಿ ಬಿರುದಿಲ್ಲದಿರುವುದು ನನಗೆ ಅಷ್ಟೊಂದು ನೋವು ಕೊಡುವುದಿಲ್ಲ.

ವಾಲಗದವರು

ನೋವಾಗುವುದು ವಾಲಗದ ವಿಷಯದಲ್ಲಿ.

ಕೊಡವ ಮದುವೆಗೆ ಹೋದವರಿಗೆ ಗೊತ್ತು. ವಾಲಗವಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದು. ಬಾಳೆ ಕಡಿಯುವಾಗ ಅದು ಬೇಕು, ದಿಬ್ಬಣ ಬರುವಾಗ ಅದು ಬೇಕು. ಎಲ್ಲಕ್ಕಿಂತ ಗಂಗಾಪೂಜೆಯ ಹೊತ್ತು. ಮದುಮಗಳು ಬಾವಿಯಿಂದ ನೀರು ತುಂಬಿದ ಕೊಡ ಹೊತ್ತು ಮನೆಯ ಕಡೆ ಹೊರಟರೆ, ಗಂಡಿನ ಕಡೆಯವರು ಎದುರಿಗೆ ಕುಣಿಯುತ್ತಾ ದಾರಿ ಕಟ್ಟುತ್ತಾರೆ. ನಾಲ್ಕು ಹೆಜ್ಜೆ ಬಿಡುತ್ತಾರೆ, ಮತ್ತೆ ಕಟ್ಟುತ್ತಾರೆ. ಅಕ್ಕತಂಗಿಯರು, ಅಣ್ಣತಮ್ಮಂದಿರು, ಮಾವ, ಅತ್ತೆ, ಮಕ್ಕಳು ಎಲ್ಲರೂ ಸೇರುತ್ತಾರೆ. ಗಂಟೆಗಳು ಕಳೆಯುತ್ತವೆ. ಕುಣಿಯುವವರು ದಣಿದರೆ ಪಕ್ಕಕ್ಕೆ ಸರಿದು ನೀರು ಕುಡಿಯಬಹುದು. ವಾಲಗದವರಿಗೆ ಆ ಸೌಕರ್ಯವಿಲ್ಲ. ಊದುವವನ ಕೆನ್ನೆ ಉಬ್ಬಿಯೇ ಇರಬೇಕು, ಡೋಲಿನವನ ಮಣಿಕಟ್ಟು ನಿಲ್ಲಬಾರದು.

ಬರೀ ತಾಳ್ಮೆಯ ಕೆಲಸ ಎಂದುಕೊಳ್ಳಬೇಡಿ. ಒಳ್ಳೆಯ ವಾಲಗದವರು ಕುಣಿಯುವವರ ಕಾಲನ್ನು ಓದುತ್ತಾರೆ. ಹಿರಿಯರು ಮುಂದೆ ಬಂದರೆ ಗತಿ ಇಳಿಯುತ್ತದೆ, ಹುಡುಗರು ನುಗ್ಗಿದರೆ ಏರುತ್ತದೆ, ಉತ್ಸಾಹ ಕುಂದುತ್ತಿದೆ ಎನಿಸಿದಾಗ ಹೊಸ ಮಟ್ಟು ಎತ್ತುತ್ತಾರೆ, ಸಾಕು ಹೆಣ್ಣನ್ನು ಬಿಡಿ ಎಂದು ಮನೆಯ ಹಿರಿಯರು ಕಣ್ಣಲ್ಲೇ ಹೇಳಿದ್ದನ್ನು ಗಮನಿಸಿ ಹದವಾಗಿ ಇಳಿಸುತ್ತಾರೆ. ನೂರಾರು ಜನರ ಮೈಯನ್ನು ಒಂದು ಲಯದಲ್ಲಿ ಹಿಡಿದಿಡುವ ಈ ವಿದ್ಯೆಯನ್ನು ಯಾವ ಪಠ್ಯಕ್ರಮವೂ ಕಲಿಸುವುದಿಲ್ಲ. ತಂದೆಯ ಪಕ್ಕ, ಚಿಕ್ಕಪ್ಪನ ಹಿಂದೆ ನಿಂತು ಮದುವೆಯಿಂದ ಮದುವೆಗೆ ಕಲಿಯಬೇಕು. ಈಗ ವಾಲಗತಾಟ್ ಎಂದು ಸ್ಪರ್ಧೆಗಳೂ ನಡೆಯುತ್ತವೆ. ಬಹುಮಾನ ಕುಣಿದವರಿಗೆ.

ವಾಲಗ ಊದುವುದು, ಬಡಿಯುವುದು ಪರಂಪರೆಯಿಂದ ಕೆಂಬಟ್ಟಿ, ಮೇದರಂಥ ಸಮುದಾಯಗಳ ಕೆಲಸ. ಎಂ.ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜದ ಅಧ್ಯಯನದಲ್ಲಿ ಹಬ್ಬ, ಆಚರಣೆಗಳಲ್ಲಿ ಯಾವ ಜಾತಿಯವರು ಯಾವ ಕೆಲಸ ಮಾಡುತ್ತಿದ್ದರೆಂಬುದು ವಿವರವಾಗಿ ದಾಖಲಾಗಿದೆ. ಬುಟ್ಟಿ ಹೆಣೆಯುವ ಮೇದರು ವಾದ್ಯ ಬಾರಿಸಬೇಕು, ಅವರ ಸದ್ದಿಲ್ಲದೆ ಹಬ್ಬ ಆರಂಭವಾಗದು. ಆದರೆ ಆ ಸದ್ದನ್ನು ಸೇವೆ ಎಂದು ಎಣಿಸಿದರು, ಸಂಗೀತ ಎಂದು ಎಣಿಸಲಿಲ್ಲ. ಸೇವೆಗೆ ಪಡಿ ಸಿಗುತ್ತದೆ, ಬಿರುದು ಸಿಗುವುದಿಲ್ಲ. ಇಲ್ಲಿ ಹೆಸರಿನ ಮುಂದಿನ ಜಾಗ ಖಾಲಿ ಉಳಿದದ್ದು ಸಮಾನತೆಯಿಂದ ಆದದ್ದಲ್ಲ. ಹೆಸರನ್ನೇ ಕೇಳದ ಅಂತರದಿಂದ ಆದದ್ದು. ಇದನ್ನು ಮೆಲ್ಲಗೆ ಹೇಳುವುದರಿಂದ ಪ್ರಯೋಜನವಿಲ್ಲ.

ಗಡಿಯಾಚೆಯ ಬಂಟ್ವಾಳ ತಾಲ್ಲೂಕಿನಲ್ಲಿ ಹುಟ್ಟಿದ ಒಬ್ಬರ ಕತೆ ಇಲ್ಲಿ ನೆನಪಾಗುತ್ತದೆ. ಕ‌ದ್ರಿ ಗೋಪಾಲನಾಥರ ತಂದೆ ನಾಗಸ್ವರ ಊದುತ್ತಿದ್ದವರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮರುಳಾದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ, ಮಿಲಿಟರಿ ಬ್ಯಾಂಡಿಗೆಂದು ಬಳಕೆಯಾದ ವಾದ್ಯ. ಅದರಲ್ಲಿ ಗಮಕ ನುಡಿಸಲು ವರ್ಷಗಟ್ಟಲೆ ಒದ್ದಾಡಿ, ವಾದ್ಯವನ್ನೇ ಬದಲಿಸಿಕೊಂಡು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆಗೂಡಿ 2008ರಲ್ಲಿ ‘ಕಿನ್ಸ್‌ಮೆನ್’ ಆಲ್ಬಂ ತಂದರು. ಗೋಪಾಲನಾಥರು 2019ರಲ್ಲಿ ತೀರಿಕೊಂಡಾಗ ಇಂಗ್ಲಿಷ್ ಪತ್ರಿಕೆಗಳು ಮೇಸ್ಟ್ರೊ ಎಂದವು, ಕನ್ನಡದವು ಚಕ್ರವರ್ತಿ ಎಂದವು.

ಗೋಪಾಲನಾಥರಿಗೆ ಸಿಕ್ಕಿದ್ದೆಲ್ಲವೂ ಅವರ ದುಡಿಮೆಗೆ ಸಲ್ಲಬೇಕಾದದ್ದೇ. ನನ್ನ ಪ್ರಶ್ನೆ ಬೇರೆ. ದೇವಸ್ಥಾನದ ಅಂಗಳದಲ್ಲಿ, ಮದುವೆಯ ಚಪ್ಪರದಲ್ಲಿ ನಿಂತೇ ಊದುವ ಮನೆತನದಿಂದ ಬಂದವರು ಕೂತು ನುಡಿಸುವ ಸಭಾಂಗಣಕ್ಕೆ ಹೋದ ಮೇಲೆಯೇ ಈ ಪದಗಳೆಲ್ಲ ಅವರನ್ನು ಹುಡುಕಿಕೊಂಡು ಬಂದವು. ನಿಂತೇ ಉಳಿದವರ ಬಳಿಗೆ ಯಾವ ಪದವೂ ಬರಲಿಲ್ಲ.

ಹೆಸರು ಕೇಳಿ

ಹೊಸ ಬಿರುದು ಸೃಷ್ಟಿಸಿ ಹಂಚಿದರೆ ಸರಿಹೋಗುತ್ತದೆಂದು ನಾನು ನಂಬುವುದಿಲ್ಲ. ಬಿರುದುಗಳು ನಮ್ಮಲ್ಲಿ ಬೇಕಾದಷ್ಟಿವೆ. ಸಂಗೀತ ನೃತ್ಯ ಅಕಾಡೆಮಿಯ ಕರ್ನಾಟಕ ಕಲಾಶ್ರೀ ಇದೆ, ಜಾನಪದ ಅಕಾಡೆಮಿಯ ಪ್ರಶಸ್ತಿಗಳಿವೆ, ಮಡಿಕೇರಿಯಲ್ಲೇ ಕೊಡವ ಸಾಹಿತ್ಯ ಅಕಾಡೆಮಿ ಇದೆ. ಉಮ್ಮತ್ತಾಟ್ ನೃತ್ಯಕ್ಕಾಗಿ ದುಡಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಹಿಗ್ಗಿತು. ಅಂಕೋಲದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಬಂದಿತ್ತು. ಸಾವಿರಾರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲಿಟ್ಟಿದ್ದ ಅವರನ್ನು ಪತ್ರಿಕೆಗಳು ಹಾಡುಹಕ್ಕಿ, ಕೋಗಿಲೆ ಎಂದು ಏನೇನೋ ಕರೆದವು. ಜನ ಕರೆದದ್ದು ಸುಕ್ರಜ್ಜಿ ಎಂದು. ಆ ‘ಅಜ್ಜಿ’ಯ ಮುಂದೆ ಉಳಿದದ್ದೆಲ್ಲ ಸಪ್ಪೆ.

ಬಿರುದಿಗಿಂತ ಮೊದಲು ಬೇಕಾದದ್ದು ಕೇಳುವ ಕಿವಿ ಮತ್ತು ಬರೆದಿಡುವ ಕೈ. ಆಕಾಶವಾಣಿ ಈ ದಿಸೆಯಲ್ಲಿ ಒಂದು ಪಾಠ ಕಲಿಸಿದೆ. ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ 1950ರ ದಶಕದಲ್ಲಿ ಧ್ವನಿಪರೀಕ್ಷೆಯ ಪದ್ಧತಿ ಗಟ್ಟಿಯಾಯಿತು. ಹಾಡುವವರು ಯಾರೆಂದು ತೀರ್ಪುಗಾರರಿಗೆ ಹೇಳುವುದಿಲ್ಲ, ದನಿಯನ್ನಷ್ಟೇ ಕೇಳಿಸುತ್ತಾರೆ. ಬಿ, ಬಿ ಹೈ, ಎ, ಟಾಪ್ ಎಂಬ ದರ್ಜೆ. ಆ ಪದ್ಧತಿಗೆ ತನ್ನದೇ ಜಿಗುಟುತನ, ಮಡಿವಂತಿಕೆ ಇತ್ತು. ಆದರೂ ಜಾನಪದದವರಿಗೂ ಅದು ಬಾಗಿಲು ತೆರೆಯಿತು. ಮಡಿಕೇರಿ ಆಕಾಶವಾಣಿ ಕೊಡವ ಭಾಷೆಯಲ್ಲಿ, ಅರೆಭಾಷೆಯಲ್ಲಿ ಕಾರ್ಯಕ್ರಮ ಕೊಡುತ್ತಾ ಬಂದಿದೆ. ಆಕಾಶವಾಣಿಯಲ್ಲಿ ಹಾಡಿನ ಮೊದಲು ಹಾಡಿದವರ ಹೆಸರು ಹೇಳುವುದು ನಿಯಮ. ಸಣ್ಣ ನಿಯಮ, ಆದರೆ ಹೆಸರೇ ಕೇಳಿಸದ ಬೀದಿಯಿಂದ ಬಂದವರಿಗೆ ಅದು ಸಣ್ಣದಲ್ಲ.

ಈಗ ಎಲ್ಲರ ಕೈಯಲ್ಲೂ ಫೋನಿದೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ಕೊಡವ ಸಮಾಜಗಳಲ್ಲಿ ನಡೆಯುವ ಮದುವೆಯ ವಾಲಗ ಅದೇ ರಾತ್ರಿ ಬೆಂಗಳೂರು, ದುಬೈ, ಟೊರಾಂಟೊದ ನೆಂಟರಿಗೆ ತಲುಪುತ್ತದೆ. ವಿಡಿಯೊದ ಕೆಳಗೆ ಮದುಮಕ್ಕಳ ಒಕ್ಕದ ಹೆಸರಿರುತ್ತದೆ, ಛಾಯಾಗ್ರಾಹಕರ ಹೆಸರಿರುತ್ತದೆ, ಅಡುಗೆಯವರ ಹೆಸರೂ ಒಮ್ಮೊಮ್ಮೆ ಇರುತ್ತದೆ. ವಾಲಗದವರದು ಇರುವುದಿಲ್ಲ. ಸೇರಿಸಲು ಒಂದು ಸಾಲು ಸಾಕು. ದಸರೆಯ ಆಮಂತ್ರಣ ಪತ್ರಿಕೆಯಲ್ಲೂ ‘ಮತ್ತು ತಂಡ’ ಎಂಬ ಎರಡು ಪದಗಳನ್ನು ತೆಗೆದು ಆ ತಂಡದಲ್ಲಿರುವ ಐದಾರು ಹೆಸರು ಹಾಕಿದರೆ ಕಾಗದವೇನೂ ಮುಗಿದುಹೋಗದು.

ಮುಂದಿನ ಹುತ್ತರಿಯಲ್ಲಿ ಊರ ಬಯಲಾದ ಮಂದ್‌ಗೆ ಹೋಗಿ ದುಡಿ, ವಾಲಗ ರೆಕಾರ್ಡ್ ಮಾಡುವ ಹುಡುಗ ಹುಡುಗಿಯರಿಗೆ ನನ್ನ ವಿನಂತಿ ಇಷ್ಟು. ಬಟನ್ ಒತ್ತುವ ಮುನ್ನ ಹೆಸರು ಕೇಳಿ ಬರೆದುಕೊಳ್ಳಿ. ಮೊದಲ ಜೋಡಿ ಯಾರು, ಎರಡನೆಯ ಜೋಡಿ ಯಾರು. ಊದಿದವರು ಯಾರು, ಡೋಲು ಯಾರದು. ಯಾವ ಊರಿನವರು, ಯಾರಿಂದ ಕಲಿತರು, ಈಗ ಯಾರಿಗೆ ಕಲಿಸುತ್ತಿದ್ದಾರೆ. ವಾದ್ಯಕ್ಕೆ ಚರ್ಮ ಕಟ್ಟಿದವರು ಯಾರು ಎಂಬುದನ್ನೂ ಬಿಡಬೇಡಿ.